ಚೀಲದ ಸನಾದಿಗೊಂದು ಪೆಟ್ಟಿಗೆ

ನನ್ನ ಸೋದರಮಾವನ ಬ್ಯಾಗ್‌ಪೈಪ್ ಹದಿನಾಲ್ಕು ವರ್ಷ ಕುಕನೂರಿನ ಮನೆಯ ಹೊಸ್ತಿಲು ದಾಟಿರಲಿಲ್ಲ. ಮನೆಯೊಳಗೆ ಅದಕ್ಕೆ ಯಾವ ಕೊರತೆಯೂ ಇರಲಿಲ್ಲ. ಬೀರುವಿನ ಮೇಲಿನ ಖಾನೆ ಪೂರ್ತಿ ಅದರದೇ. ನಮ್ಮ ಸೀಮೆಯ ಬಿಸಿಲಿಗೆ ಕಟ್ಟಿಗೆ ಒಣಗಿ ಸೀಳಬಾರದೆಂದು ಮಾವ ವಾರಕ್ಕೊಮ್ಮೆ ಕೊಳವೆಗಳಿಗೆ ಬಾದಾಮಿ ಎಣ್ಣೆ ಸವರುತ್ತಿದ್ದರು. "ಬಾಣಂತನ ಮಾಡಿದಂಗ ಮಾಡ್ತಾರ ನೋಡವ್ವ. ನಾ ಎರಡು ಹಡದಾಗ ಇಷ್ಟು ಎಣ್ಣಿ ಕಂಡಿಲ್ಲ" ಎಂದು ಅತ್ತೆ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು. ಅತ್ತೆ ನನಗಿಂತ ಹನ್ನೆರಡು ವರ್ಷಕ್ಕಷ್ಟೇ ದೊಡ್ಡವಳು. ಹೀಗಾಗಿ ಅವಳಿಗೆ ಏಕವಚನ, ಮಾವನಿಗೆ ಬಹುವಚನ.

ಬ್ಯಾಗ್‌ಪೈಪ್ ಅಂದರೆ ಕಂಕುಳಲ್ಲಿ ಒತ್ತಿ ಹಿಡಿಯುವ ಒಂದು ಚೀಲ, ಅದಕ್ಕೆ ಗಾಳಿ ತುಂಬಲು ಒಂದು ಊದುಕೊಳವೆ, ಬೆರಳಾಡಿಸಲು ತೂತುಗಳಿರುವ ಒಂದು ಕೊಳವೆ, ಹೆಗಲ ಮೇಲೆ ಚಾಚಿಕೊಂಡು ಒಂದೇ ಸಮನೆ ಗುಂಯ್‌ಗುಡುವ ಮೂರು ಶ್ರುತಿಕೊಳವೆಗಳು. ಮಾವ ನಿವೃತ್ತರಾಗಿ ಬಂದು ಮೊದಲ ಸಲ ಕಟ್ಟೆಯ ಮೇಲೆ ಕೂತು ಊದಿದಾಗ, ಮದುವೆಗಳಲ್ಲಿ ಸನಾದಿ ಊದುವ ಹಿರಿಯರೊಬ್ಬರು ಸುತ್ತು ಹಾಕಿ ನೋಡಿ, "ಇದು ನಮ್ಮದ ಐತಿ ಬಿಡ್ರಿ, ಚೀಲದ ಸನಾದಿ" ಅಂದಿದ್ದರಂತೆ. ಊರಲ್ಲಿ ಅದೇ ಹೆಸರು ನಿಂತಿತು.

ಮಾವ ಹತ್ತೊಂಬತ್ತನೆಯ ವಯಸ್ಸಿಗೆ ಸೈನ್ಯ ಸೇರಿ, ಅಲ್ಲಿಯ ಬ್ಯಾಂಡಿನಲ್ಲಿ ಇದನ್ನು ಕಲಿತರು. ಸಾಲಿನಲ್ಲಿ ಅವರ ಎಡಕ್ಕೆ ನಿಂತು ಊದುತ್ತಿದ್ದವರು ಗಢವಾಲದ ಬೆಟ್ಟದೂರಿನ ಒಬ್ಬ ಗೆಳೆಯ. ಇಬ್ಬರೂ ಇಪ್ಪತ್ತೆರಡು ವರ್ಷ ಜೊತೆಗಿದ್ದರು. ಯಾರು ಮೊದಲು ಹೋದರೂ ಉಳಿದವನು ಬಂದು ಊದಬೇಕು ಎಂದು ಮಾತು ಕೊಟ್ಟು ತೆಗೆದುಕೊಂಡಿದ್ದರು. ಗೆಳೆಯ ಮೊದಲು ಹೋದರು. ಹದಿಮೂರನೆಯ ದಿನದ ಕಾರ್ಯಕ್ಕೆಂದು ಮಾವ ಪೈಪನ್ನು ಕಂಬಳಿಯಲ್ಲಿ ಸುತ್ತಿ, ಸೈನ್ಯದ ದಪ್ಪ ಕ್ಯಾನ್ವಾಸ್ ಚೀಲದಲ್ಲಿಟ್ಟುಕೊಂಡು ರೈಲು ಹತ್ತಿದರು. ದಾರಿಯಲ್ಲಿ ಯಾರೋ ಸೀಟಿನ ಕೆಳಗೆ ಕಬ್ಬಿಣದ ಟ್ರಂಕು ನೂಕಿದ್ದಾರೆ. ಊರು ಮುಟ್ಟಿ ಚೀಲ ಬಿಚ್ಚಿದರೆ ಎಲ್ಲಕ್ಕಿಂತ ದೊಡ್ಡ ಶ್ರುತಿಕೊಳವೆ ಉದ್ದಕ್ಕೆ ಸೀಳಿತ್ತು. ಹಳೆಯ ಪಲ್ಟನ್ನಿನವರೆಲ್ಲ ಸೇರಿದ್ದ ಅಂಗಳದಲ್ಲಿ ಮಾವ ಕೈ ಇಳಿಬಿಟ್ಟುಕೊಂಡು ನಿಂತರು. ಊಟಕ್ಕೂ ನಿಲ್ಲದೆ ವಾಪಸ್ಸು ಬಂದರು.

ಆಮೇಲೆ ಪಲ್ಟನ್ನಿನ ಒಬ್ಬರು ಅದೇ ಅಳತೆಯ ಬೇರೆ ಕೊಳವೆ ಕಳಿಸಿದರು, ವಾದ್ಯ ಸರಿಹೋಯಿತು. ಮಾವ ಸರಿಹೋಗಲಿಲ್ಲ. ಪ್ರತಿ ವರ್ಷ ಆ ಗೆಳೆಯನ ಹೆಂಡತಿಯಿಂದ ಫೋನು ಬರುತ್ತಿತ್ತು, ಬನ್ನಿ ಅಂತ. ಮಾವ ಮಳೆ ಅನ್ನುತ್ತಿದ್ದರು, ಬಿತ್ತನೆ ಅನ್ನುತ್ತಿದ್ದರು, ಮೊಣಕಾಲು ಅನ್ನುತ್ತಿದ್ದರು. ಫೋನಿಟ್ಟ ಮೇಲೆ ವಾರದ ಸರದಿ ಇಲ್ಲದಿದ್ದರೂ ಕೊಳವೆಗಳಿಗೆ ಎಣ್ಣೆ ಸವರಲು ಕೂರುತ್ತಿದ್ದರು.

ನಾನು ಯಲಬುರ್ಗಾದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಮೂವತ್ತೆಂಟನೆಯ ವಯಸ್ಸಿಗೆ ನನಗೆ ಈ ವಾದ್ಯದ ಹುಚ್ಚು ಹಿಡಿಯಿತು. ಸೀಟಿ ಊದಿ ಊದಿ ಶ್ವಾಸಕೋಶ ಹೇಗೂ ಗಟ್ಟಿಯಾಗಿತ್ತು. ಪ್ರತಿ ಭಾನುವಾರ ಬಸ್ಸು ಹಿಡಿದು ಕುಕನೂರಿಗೆ ಹೋಗಿ ಮಾವನ ಮುಂದೆ ಕೂತೆ. ಹತ್ತು ವರ್ಷ ಕಲಿತೆ. ಆ ಹತ್ತು ವರ್ಷದಲ್ಲಿ ಒಂದು ಸಲವೂ ಪೈಪನ್ನು ಶಾಲೆಗೆ ಒಯ್ಯಲು ಬಿಡಲಿಲ್ಲ. ಆಗಸ್ಟ್ ಹದಿನೈದಕ್ಕೆ ಒಂದೇ ಒಂದು ತಾಸು ಕೊಡಿ ಎಂದು ಅಂಗಲಾಚಿದ್ದೆ. "ಇಲ್ಲೇ ಊದು, ಎಷ್ಟು ಬೇಕಾದಷ್ಟು ಊದು" ಅಂದರು. ಈಚೆಗೆ ಅವರಿಗೇ ಊದಲು ಉಸಿರು ಸಾಲದಾಯಿತು. ನಾನು ಹೋದರೆ ಮಾತ್ರ ಆ ಮನೆಯಲ್ಲಿ ಸ್ವರ ಏಳುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಗಢವಾಲದಿಂದ ಮತ್ತೆ ಫೋನು ಬಂತು. ಊರ ರಸ್ತೆಯ ತಿರುವಿನಲ್ಲಿ ಗೆಳೆಯನ ನೆನಪಿಗೆ ದಾರಿಹೋಕರು ಕೂರುವಂಥ ಒಂದು ಕಲ್ಲಿನ ಮಂಟಪ ಕಟ್ಟಿಸುತ್ತಿದ್ದಾರೆ, ಏಪ್ರಿಲ್‌ನಲ್ಲಿ ತೆರೆಯುತ್ತಾರೆ, ಉಳಿದಿರುವ ಹಳಬರೆಲ್ಲ ಬರುತ್ತಾರೆ. ಮಾವ ಎಂದಿನಂತೆ "ಮೊಣಕಾಲು" ಎಂದು ಶುರು ಮಾಡಿದರು. ನಾನು ಅಲ್ಲೇ ಕೂತಿದ್ದೆ. ಫೋನನ್ನು ಅವರ ಕೈಯಿಂದ ಕಸಿದುಕೊಂಡು ನನಗೆ ಬರುವ ಹರಕು ಹಿಂದಿಯಲ್ಲಿ, ಬರುತ್ತೇವೆ, ಪೈಪ್ ತರುತ್ತೇವೆ, ಊದುತ್ತೇವೆ ಅಂದುಬಿಟ್ಟೆ.

ಮಾವ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತ ಒಡೀತಂದ್ರ?" ಅಂದರು.

"ಒಡಿಯಂಗಿಲ್ಲ ಮಾವ."

"ಒಡೀತಂದ್ರ, ಆ ಅಂಗಳದಾಗ ನಾ ಎರಡನೇ ಸಲ ನಿಂದ್ರಬೇಕಾಗ್ತೈತಿ. ಅದು ನನ್ನ ಕೈಲಿ ಆಗಂಗಿಲ್ಲ ತಂಗಿ."

"ಒಡಿಯಂಗಿಲ್ಲ ಅಂತ ನಿಮಗ ತೋರಿಸಿ ಕೊಡ್ತೀನ್ರಿ. ಆಮ್ಯಾಲ ಟಿಕೇಟು ತಗಸೂಣು."

ಅವರು ಬೀರುವಿನ ಕಡೆ ನೋಡಿ, "ಮೊದಲ ಪೆಟಿಗಿ ತೋರಿಸು" ಅಂದರು. ನಾನು ಒಪ್ಪಿದೆ. ಒಂದು ಹಿಡಿದರೆ ಬಿಡುವ ಜಾತಿಯಲ್ಲ ನಾನು, ಶಾಲೆಯಲ್ಲಿ ಕೇಳಿ ನೋಡಿ. ಎರಡು ರಾತ್ರಿಯ ರೈಲು ಅವರ ಎದೆಗೆ ಆಗುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ವಿಮಾನವೇ ಗತಿಯಾಗಿತ್ತು. ನಮ್ಮಿಬ್ಬರಲ್ಲಿ ವಿಮಾನದ ಒಳಗು ನೋಡಿದವರು ಯಾರೂ ಇರಲಿಲ್ಲ.

ಮೊದಲು ಗಿಣಿಗೇರಾಕ್ಕೆ ಹೋದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಂಡ ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ, ಕಾರ್ಖಾನೆಗಳಿಗೆ ಹತಾರದ ಪೆಟ್ಟಿಗೆ ಮಾಡಿ ಕೊಡುತ್ತಾನೆ. "ಟೀಚರ್, ಲಾರಿ ಹಾದ್ರೂ ಏನೂ ಆಗದಂಗ ಮಾಡ್ತೀನ್ರಿ" ಅಂದ. ಮಾತಿಗೆ ತಪ್ಪಲಿಲ್ಲ. ಹದಿನೈದು ದಿನಕ್ಕೆ ತಗಡಿನ ಪೆಟ್ಟಿಗೆ ಬಂತು, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಎರಡು ಕೊಂಡಿ, ಮೇಲೆ ನೀಲಿ ಬಣ್ಣ. ಅದನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರು ಮತ್ತು ನಾನು ಇಬ್ಬರೂ ಬೇಕಾದೆವು. ಅಂಚೆ ಕಚೇರಿಯ ತಕ್ಕಡಿಯಲ್ಲಿಟ್ಟರೆ ಖಾಲಿ ಪೆಟ್ಟಿಗೆಯೇ ಹತ್ತೊಂಬತ್ತು ಕಿಲೋ. ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಸಾಮಾನು ಏಳು ಕಿಲೋ ದಾಟಬಾರದೆಂದು ಟಿಕೆಟ್ ಮಾಡಿಸುವ ಅಂಗಡಿಯವರು ಆಮೇಲೆ ಹೇಳಿದರು. ಪೈಪಿನ ತೂಕ ಮೂರು ಕಿಲೋ. ಮೂಗಿಗಿಂತ ಮೂಗುತಿ ಭಾರವಾಯಿತು. ಆ ಪೆಟ್ಟಿಗೆಯಲ್ಲಿ ಈಗ ನಮ್ಮ ಶಾಲೆಯ ಡಿಸ್ಕಸ್ ಮತ್ತು ಗುಂಡುಗಳಿವೆ, ಅವುಗಳಿಗೆ ಅದು ಹೇಳಿ ಮಾಡಿಸಿದಂತಿದೆ.

ಎರಡನೆಯದನ್ನು ಮೊಬೈಲಿನಲ್ಲಿ ನೋಡಿ ತರಿಸಿದೆ. ಕಪ್ಪು ಪ್ಲಾಸ್ಟಿಕ್ಕಿನ ಉದ್ದನೆಯ ಪೆಟ್ಟಿಗೆ, ಒಳಗೆ ಕೊಳವೆಗಳ ಆಕಾರಕ್ಕೆ ಕೊರೆದ ಸ್ಪಂಜು. ನೋಡಲು ಎಷ್ಟು ಚೆಂದವೆಂದರೆ ಮಾವನ ಮುಖವೂ ಒಂದು ಗಳಿಗೆ ಅರಳಿತು. ಪರೀಕ್ಷೆ ಮಾಡದೆ ಒಪ್ಪುವವಳಲ್ಲ ನಾನು. ಕೊಳವೆಗಳ ಜಾಗದಲ್ಲಿ ಕೋಳಿಮೊಟ್ಟೆ ಇಟ್ಟು ಶಾಲೆಯ ರಂಗಮಂಟಪದಿಂದ ಪೆಟ್ಟಿಗೆ ಬೀಳಿಸಿದೆ. ಒಂದೂ ಒಡೆಯಲಿಲ್ಲ. ಗೆದ್ದೆನೆಂದು ಭಾನುವಾರ ಕುಕನೂರಿಗೆ ಹೋಗಿ ಬಣ್ಣಿಸುತ್ತಿದ್ದರೆ ಅತ್ತೆ ಹಂಚಿನ ಮೇಲಿನ ರೊಟ್ಟಿ ಮಗುಚುತ್ತಾ ನಕ್ಕಳು.

"ತತ್ತಿ ಗಟ್ಟಿ ಇರತಾವ ಟೀಚರಮ್ಮ. ಕೋಳಿನ ಅದರ ಮ್ಯಾಲೆ ಕುಂತಿರತೈತಿ. ಒಡಿಯೂದು ಏನಂತ ನೋಡಬೇಕಂದ್ರ ಖಡಕ್ ರೊಟ್ಟಿ ಇಟ್ಟು ನೋಡು."

ನಾನೂ ಮಾವನೂ ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆಯ ಖಡಕ್ ರೊಟ್ಟಿ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಳದ ರೊಟ್ಟಿಯನ್ನು ಕಾಗದದಷ್ಟು ತೆಳ್ಳಗೆ ಬಡಿದು, ಬೇಯಿಸಿ, ನೀರಿನಂಶ ಹೋಗುವವರೆಗೆ ಒಣಗಿಸುತ್ತಾರೆ. ತಿಂಗಳು ಇಟ್ಟರೂ ಕೆಡುವುದಿಲ್ಲ, ಆದರೆ ಗಟ್ಟಿಯಾಗಿ ಮುಟ್ಟಿದರೆ ಚೂರು. ಮಾವ ಸೈನ್ಯದಲ್ಲಿದ್ದ ಅಷ್ಟೂ ವರ್ಷ ಅತ್ತೆ ಇದೇ ರೊಟ್ಟಿಯನ್ನು ಅಂಚೆಯಲ್ಲಿ ಕಳಿಸಿದವಳು. ಜಮ್ಮುವಿಗೆ ಕಳಿಸಿದ್ದಾಳೆ, ಅಸ್ಸಾಮಿಗೆ ಕಳಿಸಿದ್ದಾಳೆ.

"ಮುಟ್ಟಿದಾಗ ಹ್ಯಾಂಗ ಇರತಿದ್ದುವು ಮಾವ?" ಎಂದು ಕೇಳಿದೆ.

ಮಾವ ನೆಲ ನೋಡುತ್ತಾ, "ಇಡಿಯಾಗೇ ಇರತಿದ್ದುವು" ಅಂದರು.

"ಕೇಳಿದಿ?" ಅತ್ತೆ ರೊಟ್ಟಿ ಮಗುಚುವ ಸಟ್ಟುಗವನ್ನೇ ನನ್ನ ಕಡೆ ತೋರಿಸಿದಳು. "ಅಸ್ಸಾಮದ ತನಕ ರೊಟ್ಟಿ ಒಡೀದಂಗ ಕಳಸಿದಾಕಿ ಮನಿಯಾಗ ಇದ್ಲು. ಆವತ್ತ ಒಂದು ಮಾತು, ಇದನ್ನ ಹ್ಯಾಂಗ ಕಟ್ಟಲಿ ಅಂತ ನನ್ನ ಕೇಳಲಿಲ್ಲ ನಿಮ್ಮ ಮಾವ. ತಾವ ಕಟಗೊಂಡು ಹೋದ್ರು."

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಮನೆಗೇ ಬರೆದ ಗಾದೆ. ಸೈನ್ಯದ ಮನುಷ್ಯನಿಗೆ ಅಡುಗೆಮನೆಯನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ನನಗೂ ಎರಡು ಪೆಟ್ಟಿಗೆ ಕೊಳ್ಳುವವರೆಗೆ ಹೊಳೆದಿರಲಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಅತ್ತೆಯ ಮುಂದೆ ತಂದಿಟ್ಟೆ.

ಅತ್ತೆ ಅಂದು ನಡೆಸಿದ ಕೆಲಸವನ್ನು ನಾನು ಮರೆಯುವುದಿಲ್ಲ. ಸ್ಪಂಜಿನ ಕುಳಿಗಳ ಅಳತೆ ತೆಗೆದುಕೊಂಡು ಉದ್ದುದ್ದ, ಅಗಲ ಕಡಿಮೆಯ ರೊಟ್ಟಿ ಬಡಿದಳು. ಪಕ್ಕದ ಮನೆಯವರು ಇಣುಕಿ "ಇದ್ಯಾವ ನಮೂನಿ ರೊಟ್ಟಿರಿ?" ಎಂದು ಕೇಳಿದರು. "ಸನಾದಿ ರೊಟ್ಟಿ" ಅಂದಳು. ಅವು ಖಡಕ್ಕಾದ ಮೇಲೆ ಒಂದರ ಮೇಲೊಂದು ಪೇರಿಸಿ, ಬಿಳಿ ಧೋತರದ ತುಂಡಿನಲ್ಲಿ ಸುತ್ತಿ, ಕುಳಿಗಳಲ್ಲಿಟ್ಟಳು. ನಾನು ಆ ಪೆಟ್ಟಿಗೆಯನ್ನು ಕೊಪ್ಪಳ ದಾಟಿ ಗಂಗಾವತಿಯವರೆಗೆ ಬಸ್ಸಿನ ಹಿಂದಿನ ಗಾಲಿಯ ಮೇಲಿನ ಸೀಟಿನಡಿ ಇಟ್ಟು ಒಯ್ದು, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ತಂದೆ. ಮೂವರೂ ಸುತ್ತ ಕೂತು ಬಿಚ್ಚಿದೆವು. ಮೇಲಿನ ಕುಳಿಯ ರೊಟ್ಟಿ ನುಚ್ಚಾಗಿತ್ತು, ಕೆಳಗಿನದು ಹಿಟ್ಟೇ ಆಗಿತ್ತು. ಮೊಸರಿಗೆ ಹಾಕಿಕೊಂಡು ಅದನ್ನೇ ಉಂಡೆವು. ಮಾವ ಅರ್ಧಕ್ಕೆ ಎದ್ದು ಕೈ ತೊಳೆದರು.

ಅತ್ತೆ ಮಾತ್ರ ಖಾಲಿ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಬೆರಳಿಂದ ಒತ್ತಿ ನೋಡುತ್ತಿದ್ದಳು. "ಪೆಟಿಗಿ ಗಟ್ಟಿನ ಐತಿ. ಕುಣಿ ದೊಡ್ಡುವದಾವು. ರೊಟ್ಟಿ ಬಡತಕ್ಕ ಒಡಿಯಂಗಿಲ್ಲವ್ವ, ಅಲುಗಾಟಕ್ಕ ಒಡೀತಾವ. ಹಂದಾಡಾಕ ಜಾಗಾನ ಇರಬಾರದು" ಅಂದಳು. ನಮ್ಮ ಪೈಪು ಹಳೆಯ ಮಾದರಿಯದು, ಕೊಳವೆ ಸಣ್ಣವು. ಆ ಪೆಟ್ಟಿಗೆ ಬೇರೆ ಯಾವುದೋ ಪೈಪಿನ ಅಳತೆಗೆ ಮಾಡಿದ್ದು. ಸಾಲದ್ದಕ್ಕೆ ಅದು ವಿಮಾನದಲ್ಲಿ ಕೈಯಲ್ಲಿ ಒಯ್ಯುವ ಸಾಮಾನಿಗಿಂತ ಒಂದು ಗೇಣು ಉದ್ದವಿತ್ತು. ವಾಪಸ್ಸು ಕಳಿಸಿದೆ.

ಅಲ್ಲಿಗೆ ನನಗೆ ಬೇಕಾದದ್ದು ಏನೆಂದು ಸ್ಪಷ್ಟವಾಯಿತು. ಪೂರ್ತಿ ಬಿಡಿಸಿದರೆ ಪೈಪಿನ ಅತಿ ಉದ್ದದ ತುಂಡು ಒಂದು ಮೊಳಕ್ಕೆ ಚೂರು ಕಡಿಮೆ. ವಿಮಾನದಲ್ಲಿ ತಲೆಯ ಮೇಲಿರುವ ಸಾಮಾನಿನ ಗೂಡಿನಲ್ಲಿ ಹಿಡಿಯುವ ಸಣ್ಣ, ಹಗುರ, ಗಟ್ಟಿ ಪೆಟ್ಟಿಗೆ ಬೇಕು, ಒಳಗು ನಮ್ಮದೇ ಅಳತೆಯದಾಗಬೇಕು. ಗಂಗಾವತಿಯಲ್ಲಿ ಮದುವೆಗಳ ಫೋಟೋ ತೆಗೆಯುವ ಸ್ಟುಡಿಯೋದವರೊಬ್ಬರು ನಮ್ಮ ಕ್ರೀಡಾಕೂಟಕ್ಕೆ ಪ್ರತಿ ವರ್ಷ ಬರುತ್ತಾರೆ. ಕ್ಯಾಮೆರಾ ಒಯ್ಯಲು ಅವರ ಹತ್ತಿರ ಅಂಥದೇ ಒಂದು ಪೆಟ್ಟಿಗೆ ಇದ್ದದ್ದು ನೆನಪಾಯಿತು. ಹೋಗಿ ಕೇಳಿದೆ. ಹಳೆಯದೊಂದನ್ನು ಕೊಟ್ಟರು, ಕೊಂಡಿಗಳು ಭದ್ರವಾಗಿದ್ದವು. ಅಲ್ಲಿಂದ ಬಸ್‌ಸ್ಟ್ಯಾಂಡ್ ಹಿಂದೆ ಬೈಕು, ಟ್ರ್ಯಾಕ್ಟರಿನ ಸೀಟು ಹೊಲಿಯುವವರ ಅಂಗಡಿಗೆ ಹೋದೆ. ವಯಸ್ಸಾದ ಸಾಹೇಬರು, ಕಿವಿಯ ಮೇಲೆ ಪೆನ್ಸಿಲು.

"ಎಂಥಾ ಫೋಮ್ ಬೇಕ್ರಿ, ಮೆತ್ತಂದೋ ಗಟ್ಟೀದೋ?" ಎಂದು ಕೇಳಿದರು.

"ಕುಂತ್ರ ಮೂಳಿ ನೋಯಬೇಕ್ರಿ, ಅಷ್ಟು ಗಟ್ಟೀದು."

"ಇಷ್ಟು ವರ್ಷದಾಗ ಹಿಂಗ ಕೇಳಿದವ್ರು ನೀವೊಬ್ರ ನೋಡ್ರಿ" ಎಂದು ನಕ್ಕು, ಟ್ರ್ಯಾಕ್ಟರಿಗೆ ಹಾಕುವ ಗಟ್ಟಿ ಫೋಮು ತೆಗೆದರು. ನಾನು ಪ್ರತಿ ತುಂಡಿನ ಆಕಾರವನ್ನು ರಟ್ಟಿನ ಮೇಲೆ ಬರೆದುಕೊಂಡು ಹೋಗಿದ್ದೆ. ಅವರು ಗೆರೆಗಿಂತ ಒಂದು ಕೂದಲು ಒಳಕ್ಕೆ ಕೊರೆದರು, ಒತ್ತಿದರೆ ಮಾತ್ರ ಇಳಿಯುವ ಹಾಗೆ. ಪದರಗಳನ್ನು ಅಂಟಿನಿಂದ ಕೂಡಿಸಿದರು. ಅಲ್ಲಿಯೇ ತಪ್ಪಾದದ್ದು. ಮಾರ್ಚಿನಲ್ಲಿ ಕುಷ್ಟಗಿಯ ಒಂದು ಕ್ರೀಡಾಕೂಟಕ್ಕೆ ತೀರ್ಪುಗಾರಳಾಗಿ ಹೋದಾಗ, ಬಿಸಿಲನ್ನೂ ನೋಡೇಬಿಡೋಣವೆಂದು ಖಾಲಿ ಪೆಟ್ಟಿಗೆಯನ್ನು ಜೊತೆಯ ಶಿಕ್ಷಕರ, ಕಿಟಕಿ ಏರಿಸಿದ ಕಾರಿನಲ್ಲಿ ಇಡೀ ಮಧ್ಯಾಹ್ನ ಬಿಟ್ಟೆ. ಸಂಜೆ ತೆರೆದರೆ ಅಂಟು ಕರಗಿ ಪದರ ಬಿಟ್ಟುಕೊಂಡಿತ್ತು, ಕೈಗೆಲ್ಲ ಮೆತ್ತಿತು. ಆ ಅಂಟು ಮಾವನ ಕರಿ ಕಟ್ಟಿಗೆಯ ಕೊಳವೆಗಳಿಗೆ ಮೆತ್ತಿದ್ದರೆ ಎಂದು ನೆನೆದು, ಸೀಮೆಎಣ್ಣೆ ಹಚ್ಚಿ ಎರಡೆರಡು ಸಲ ಕೈ ತಿಕ್ಕಿ ತೊಳೆದೆ.

ಮತ್ತೆ ಗಂಗಾವತಿ. ಸಾಹೇಬರು ನೊಂದುಕೊಂಡರು, ಹೊಸದಾಗಿ ಕೊರೆದು, ಅಂಟು ಹಾಕದೆ ದಾರದಿಂದ ಹೊಲಿದು ಕೊಟ್ಟರು. ಅತ್ತೆ ಒಂದೊಂದು ಕೊಳವೆಗೂ ಧೋತರದ ಗವಸು ಹೊಲಿದಳು. ಮತ್ತೆ ರೊಟ್ಟಿ ಬಡಿದಳು. ಈ ಸಲ ಪೆಟ್ಟಿಗೆಯನ್ನು ಯಲಬುರ್ಗಾದಿಂದ ಕುಷ್ಟಗಿಗೆ ಒಯ್ದೆ, ಕುಷ್ಟಗಿಯಿಂದ ಕೊಪ್ಪಳಕ್ಕೆ ತಂದೆ, ಇಳಿಸುವಾಗ ಬೇಕೆಂತಲೇ ಬಸ್ಸಿನ ಮೆಟ್ಟಿಲ ಮೇಲೆ ಉರುಳಿಸಿದೆ. ಕಂಡಕ್ಟರು ಅಯ್ಯೋ ಅಂದರು. ಮನೆಗೆ ಬಂದು ಬಿಚ್ಚಿದರೆ ಎಲ್ಲ ಇಡಿಯಾಗಿದ್ದವು, ಒಂದರ ಅಂಚು ಮಾತ್ರ ಮುರಿದಿತ್ತು.

"ಅದು ಮೊದಲ ಸೀಳಿತ್ತು" ಅಂದಳು ಅತ್ತೆ.

"ಇಲ್ಲ, ಇನ್ನೊಮ್ಮಿ ಬಡಿ" ಅಂದೆ.

"ನಿಂದೇನು, ಊದೂದು. ತೋಳು ಹೋಗೂದು ನಂದು" ಎಂದು ಗೊಣಗುತ್ತಲೇ ಹಿಟ್ಟು ನಾದಿದಳು. ಮುಂದಿನ ವಾರ ಮತ್ತೆ ಅದೇ ದಾರಿ, ಅದೇ ಉರುಳಾಟ. ಆ ಸಲ ಒಂದು ಅಂಚೂ ಮುರಿಯಲಿಲ್ಲ. ಮಾವ ಎದ್ದು, ಬೀರುವಿನ ಖಾನೆ ತೆರೆದು, ಪೈಪನ್ನು ತಂದು ನನ್ನ ತೊಡೆಯ ಮೇಲಿಟ್ಟರು. ನನಗೆ ಅಳು ಬಂತು. ಅತ್ತೆಗೆ ಕಾಣಬಾರದೆಂದು ರಟ್ಟು ಹುಡುಕುವವಳ ಹಾಗೆ ತಿರುಗಿ ಕೂತೆ.

ಹೊರಡುವ ದಿನ ನಮಗೆ ಹತ್ತಿರದ ಸಣ್ಣ ವಿಮಾನ ನಿಲ್ದಾಣಕ್ಕೆ ಮೂರು ತಾಸು ಮೊದಲೇ ಮುಟ್ಟಿದೆವು. ಅಲ್ಲಿಂದ ಹೈದರಾಬಾದು, ಹೈದರಾಬಾದಿನಿಂದ ಡೆಹ್ರಾಡೂನು. ತಪಾಸಣೆಯ ಯಂತ್ರದೊಳಗೆ ಹೋದ ಪೆಟ್ಟಿಗೆಯನ್ನು ಸಿಬ್ಬಂದಿ ಪಕ್ಕಕ್ಕೆ ಎಳೆದರು. ಕೊಳವೆಗಳ ಬಗ್ಗೆ ಕೇಳುತ್ತಾರೆಂದು ನಾನು ಉತ್ತರ ಬಾಯಿಪಾಠ ಮಾಡಿದ್ದೆ. ಆ ಹೆಣ್ಣುಮಗಳು ಕೊಳವೆಗಳನ್ನು ಕೇಳಲೇ ಇಲ್ಲ, ಇದರಲ್ಲಿ ಒಣ ಕೊಬ್ಬರಿ ಇದೆಯಾ ಎಂದು ಕೇಳಿದಳು.

"ಕೊಬ್ಬರಿಯೆ? ಇದು ವಾದ್ಯದ ಪೆಟ್ಟಿಗೆ. ನಾನೇ ತುಂಬಿದ್ದು, ಒಂದು ಸೂಜಿ ಹೆಚ್ಚಿಗೆ ಇಲ್ಲ" ಎಂದು ನಾನು ಶಾಲೆಯ ಮೈದಾನದ ದನಿಯಲ್ಲೇ ಹೇಳಿದೆ. ತೆರೆಯಿರಿ ಅಂದಳು. ತೆರೆದೆ. ಮಡಿಚಿಟ್ಟಿದ್ದ ಚೀಲದ ನಡುವಿನಿಂದ ಅವಳು ಹಸಿರು ಕುಬುಸದ ಕಣದ, ಅಂದರೆ ರವಿಕೆ ಬಟ್ಟೆಯ, ಗಂಟೊಂದನ್ನು ಎತ್ತಿ ಹಿಡಿದಳು. ಬಿಚ್ಚಿದರೆ ಅಕ್ಕಿ, ಉತ್ತತ್ತಿ, ಅರಿಸಿನದ ಕೊಂಬು, ಅಡಿಕೆ, ಎರಡು ಕೊಬ್ಬರಿ ಬಟ್ಟಲು. ಮನೆಯ ಮಗಳು ದೂರ ಹೊರಟಾಗ ಸೆರಗಿಗೆ ಹಾಕಿ ಕಳಿಸುವ ಉಡಿ! ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ ಅತ್ತೆ ಬ್ಯಾಗ್‌ಪೈಪಿಗೆ ಉಡಿ ತುಂಬಿದ್ದಳು. ವಿಮಾನದೊಳಗೆ ಒಣ ಕೊಬ್ಬರಿ ಒಯ್ಯಬಾರದಂತೆ, ಎಣ್ಣೆಯಂಶಕ್ಕೆ ತಾನಾಗಿ ಹೊತ್ತಿಕೊಳ್ಳಬಹುದಂತೆ. ನನಗೆ ಭೂಮಿಗಿಳಿದು ಹೋದಂತಾಯಿತು. ಮಾವ ಬೊಕ್ಕ ಬಾಯಿ ತೆರೆದು ನಕ್ಕರು, ತಮ್ಮ ಹಿಂದಿಯಲ್ಲಿ ಆಕೆಗೆ ಎಲ್ಲ ವಿವರಿಸಿದರು. ಆಕೆಯೂ ನಕ್ಕು, ಕೊಬ್ಬರಿ ಬಟ್ಟಲು ಎರಡನ್ನೂ ತೆಗೆದಿಟ್ಟುಕೊಂಡು ಉಳಿದ ಉಡಿಯನ್ನು ಕೈಗೆ ಕೊಟ್ಟಳು.

ನಗು ಮುಗಿದ ಮೇಲೆ ನೋಡಿದರೆ, ಗಂಟು ಹಿಡಿಸಲು ಅತ್ತೆ ಚೀಲದ ಪಕ್ಕದ ಫೋಮಿನ ತುಂಡೊಂದನ್ನು ತೆಗೆದಿದ್ದಳು, ಈಗ ಅಲ್ಲಿ ಒಂದು ಮುಷ್ಟಿ ಖಾಲಿ ಜಾಗ. ಕೊಬ್ಬರಿಯಿಲ್ಲದ ಗಂಟು ಅದನ್ನು ತುಂಬಲಿಲ್ಲ. ಪಕ್ಕದ ಕೊಳವೆ ಬೆರಳು ತಾಗಿಸಿದರೆ ಅಲುಗಿತು. ಮಾವ ಹೆಗಲ ಮೇಲಿನ ಟುವಾಲು ತೆಗೆದು ಕೊಟ್ಟರು. ಅದನ್ನು ನಾಲ್ಕು ಸಲ ಬೇರೆ ಬೇರೆ ರೀತಿ ಮಡಿಚಿ, ಅಲುಗಾಟ ನಿಂತ ಮೇಲೆ ಕೊಂಡಿ ಹಾಕಿದೆ.

ವಿಮಾನದ ಹತ್ತಿರ ಹೋದಾಗ ಇನ್ನೊಂದು ಕಾದಿತ್ತು. ಅದು ರೆಕ್ಕೆಗೆ ಪಂಖ ಇರುವ ಸಣ್ಣ ವಿಮಾನ. ಮೆಟ್ಟಿಲ ಬಳಿ ನಿಂತಿದ್ದವರು ನನ್ನ ಪೆಟ್ಟಿಗೆ ನೋಡಿ, ಒಳಗಿನ ಗೂಡು ಸಣ್ಣದು, ಇದು ಹಿಡಿಯುವುದಿಲ್ಲ, ಕೆಳಗೆ ಸಾಮಾನಿನ ಜೊತೆ ಹಾಕುತ್ತೇವೆ, ಇಳಿದ ಕೂಡಲೇ ಮೆಟ್ಟಿಲ ಬಳಿಯೇ ಕೊಡುತ್ತೇವೆ ಅಂದರು. ನಾನು ಕೊಡುವುದಿಲ್ಲ ಅಂದೆ. ಅಳತೆ ಸರಿಯಿದೆ ಅಂದೆ, ತೂಕ ಸರಿಯಿದೆ ಅಂದೆ, ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ ಅಂದೆ. ಹಿಂದೆ ಸಾಲು ನಿಂತಿತು. ಯಾರೋ ಗಡಿಯಾರ ನೋಡಿಕೊಂಡರು. ನಾನು ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೊದಲ ಮೆಟ್ಟಿಲ ಮೇಲೆ ನಿಂತುಬಿಟ್ಟೆ. ನಾನು ನಿಂತರೆ ನಿಂತ ಹಾಗೆಯೇ. ಆದರೆ ಮಾವ ಈಗ ವಾಪಸ್ಸು ಹೋಗೋಣವೆಂದರೆ ಎಲ್ಲ ಮುಗಿಯಿತು ಎಂದು ಗೊತ್ತಿತ್ತು.

ಮಾವ ಹಿಂದಿನಿಂದ ಬಂದು ಪೆಟ್ಟಿಗೆಯ ಹಿಡಿಕೆಗೆ ಕೈ ಹಾಕಿದರು. "ಕೊಡು ತಂಗಿ" ಅಂದರು.

"ಮಾವ, ಕೆಳಗ ಒಗೀತಾರ್ರೀ."

"ಒಗೀಲಿ. ಅಪ್ಪಿಕೊಂಡು ಕುಂದ್ರೂದಿತ್ತಂದ್ರ ಪೆಟಿಗಿ ಎದಕ ಮಾಡಿಸಿದಿ?"

ಸಾಮಾನು ಹೇರುವವನ ಕೈಗೆ ಅವರೇ ಪೆಟ್ಟಿಗೆ ಕೊಟ್ಟರು. "ಬೇಟಾ, ಸಂಭಾಲ್ ಕೆ" ಅಂದರು. ಆಮೇಲೆ ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಹೈದರಾಬಾದಿನ ತನಕ ನನ್ನ ಕಿವಿ ಕಾಲಡಿಯ ಸಾಮಾನಿನ ಸದ್ದಿನ ಕಡೆಗೇ ಇತ್ತು. ಕಿಟಕಿಯ ಹೊರಗೆ ತುಂಗಭದ್ರೆಯ ಹಿನ್ನೀರು ಕಂಡಿತಂತೆ, ನಾನು ನೋಡಲಿಲ್ಲ.

ಇಳಿದ ಮೇಲೆ ಪೆಟ್ಟಿಗೆ ಕೈಗೆ ಬಂತು. ಒಂದು ಮೂಲೆಗೆ ಹೊಸ ಗೀರು ಬಿದ್ದಿತ್ತು. ಅಲ್ಲಿಯೇ ತೆರೆಯಲು ಕೂತೆ. ಮಾವ ಬೇಡ ಅಂದರು. "ಒಡದಿದ್ರ ಇಲ್ಲಿ ತಿಳದು ಏನು ಮಾಡೂದೈತಿ? ಅಲ್ಲೇ ತಗಿಯೂಣು." ಅದು ಧೈರ್ಯವೋ, ಹೆದರಿಕೆಯೋ ನನಗೆ ತಿಳಿಯಲಿಲ್ಲ. ಮುಂದಿನ ವಿಮಾನದಲ್ಲಿ ಅದು ತಲೆಯ ಮೇಲಿನ ಗೂಡಿನಲ್ಲಿ ಸಲೀಸಾಗಿ ಹಿಡಿಯಿತು. ಡೆಹ್ರಾಡೂನಿನಿಂದ ಜೀಪಿನಲ್ಲಿ ತಿರುವು ತಿರುವಾಗಿ ಏರುವಾಗ ಅದು ಇಡೀ ದಾರಿ ನನ್ನ ತೊಡೆಯ ಮೇಲಿತ್ತು.

ಮರುದಿನ ಬೆಳಿಗ್ಗೆ, ಹದಿನಾಲ್ಕು ವರ್ಷದ ಹಿಂದೆ ಮಾವ ಕೈ ಇಳಿಬಿಟ್ಟು ನಿಂತಿದ್ದ ಅದೇ ಅಂಗಳದಲ್ಲಿ, ಹಳೆಯ ಪಲ್ಟನ್ನಿನ ಒಂಬತ್ತು ಜನ ಮುದುಕರ ಮುಂದೆ ನಾನು ಕೊಂಡಿ ತೆರೆದೆ. ಒಂದೊಂದೇ ಗವಸು ಬಿಚ್ಚಿ ಕೊಳವೆಯನ್ನು ಮಾವನ ಕೈಗೆ ಕೊಟ್ಟೆ. ಅವರು ಬೆಳಕಿಗೆ ಹಿಡಿದು ತಿರುಗಿಸಿ, ಉಗುರಿನಿಂದ ತಟ್ಟಿ, ಮುಂದಿನದಕ್ಕೆ ಕೈ ಚಾಚಿದರು. ಕೊನೆಯದು ದೊಡ್ಡ ಶ್ರುತಿಕೊಳವೆ. ಅದನ್ನು ಎರಡು ಸಲ ತಿರುಗಿಸಿ ನೋಡಿದರು. "ಐತಿ" ಅಂದರು. ಅಷ್ಟೇ.

ಮಂಟಪದ ಮುಂದೆ ನಿಂತು ಊದಿದೆ. ನಿಧಾನದ ರಾಗ, ಹೋದವರಿಗೆಂದೇ ಊದುವುದು. ಮೊದಲ ಸಾಲಿನಲ್ಲಿ ಉಸಿರು ತಡವರಿಸಿತು, ಆಮೇಲೆ ಸರಿಹೋಯಿತು. ಮಾವ ನನ್ನ ಬಲಕ್ಕೆ ನೆಟ್ಟಗೆ ನಿಂತಿದ್ದರು, ತಮ್ಮ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದರು. ಅವರ ಬೆರಳುಗಳು ಪ್ಯಾಂಟಿನ ಮೇಲೆ ಆಡುತ್ತಿದ್ದವು, ನಾನು ತಪ್ಪಿದ ಕಡೆಯೂ ತಪ್ಪದೆ.

ಊಟವಾದ ಮೇಲೆ ಗೆಳೆಯನ ಹೆಂಡತಿ ನಮ್ಮ ಹತ್ತಿರ ಬಂದು ಕೂತರು. ಬಿಳಿ ಕೂದಲ, ಸಣ್ಣ ದೇಹದ ಹೆಂಗಸು. ಮಾವ ಕೈ ಮುಗಿದು, ಆವತ್ತು ಊದಲಾಗಲಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳಲು ಇಷ್ಟು ತಡವಾಯಿತು, ಕ್ಷಮಿಸಬೇಕು ಎಂದು ಹಿಂದಿಯಲ್ಲಿ ಹೇಳಿದರು. ಹದಿನಾಲ್ಕು ವರ್ಷದಿಂದ ಕಟ್ಟಿಟ್ಟ ಮಾತು ಅದು, ನಾಲ್ಕೇ ವಾಕ್ಯದಲ್ಲಿ ಮುಗಿಯಿತು.

ಆಕೆಗೆ ಅರ್ಥವೇ ಆಗಲಿಲ್ಲ. "ಆವತ್ತು ಯಾರು ಊದಿದರು, ಯಾರು ಊದಲಿಲ್ಲ, ನನಗೇನು ಗೊತ್ತು ಅಣ್ಣ? ಆವತ್ತು ನನಗೆ ಕಿವಿ ಎಲ್ಲಿತ್ತು?" ಅಂದರು. "ನೀವು ಬಂದಿದ್ದು ಗೊತ್ತು. ಉಣ್ಣದೆ ಹೋಗಿದ್ದು ಗೊತ್ತು. ಆಮೇಲೆ ಬರಲೇ ಇಲ್ಲ, ಅದು ಗೊತ್ತು. ಅವರ ಮಾತು ತೆಗೆದರೆ ಪೂರ್ತಿ ತಿಳಿಯುವವರು ನೀವೊಬ್ಬರೇ ಇದ್ದಿರಿ. ವರ್ಷಾ ವರ್ಷಾ ಕರೆದೆ. ಮುಂದಿನ ಸಲ ಬರಿಗೈಯಲ್ಲಿ ಬನ್ನಿ."

 ನನಗೆ ದುಃಖವಾಗಬೇಕಿತ್ತು, ಆದರೆ ಕೆಟ್ಟ ಸಿಟ್ಟು ಬಂತು. ಆ ಅಂಗಳದಲ್ಲೇ ಮಾವನ ಹೆಗಲು ಹಿಡಿದು ಅಲ್ಲಾಡಿಸಬೇಕೆನಿಸಿತು. ಒಂದು ಕೊಳವೆ ಸೀಳಿದ್ದಕ್ಕೆ ಹದಿನಾಲ್ಕು ವರ್ಷ ಈ ಹೆಂಗಸನ್ನು ಒಬ್ಬಳೇ ಬಿಟ್ಟಿದ್ದರಲ್ಲ. ನಾನೂ ನಾಲ್ಕು ತಿಂಗಳು ಕಟ್ಟಿಗೆಯ ಅಳತೆ ತೆಗೆಯುತ್ತಾ ಓಡಾಡಿದೆನೇ ಹೊರತು, ಬರಿಗೈಯಲ್ಲಾದರೂ ಹೋಗೋಣ ನಡೀರಿ ಎಂದು ಒಂದು ಸಲ ಹೇಳಲಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟು ಬಂತು.

ಹಿಂದಿರುಗುವ ಜೀಪಿನಲ್ಲಿ ಮಾವ, ಡ್ರೈವರಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ ದನಿ ತಗ್ಗಿಸಿದರು.

"ಆ ಹೆಣ್ಣುಮಗಳು ಅಂದದ್ದು ನಿಮ್ಮ ಅತ್ತಿ ಮುಂದ ಹೇಳಬ್ಯಾಡ."

"ಯಾಕ ಮಾವ?"

"ಹದಿನಾಕು ವರ್ಷದಿಂದ ಅಕಿನೂ ಅದನ್ನ ಹೇಳಾಕತ್ತಾಳ, ಬರಿಗೈಲೇ ಹೋಗಿ ಬರ್ರಿ ಅಂತ."

ಕುಕನೂರಿನ ಮನೆ ಮುಟ್ಟಿ, ಚಪ್ಪಲಿ ಬಿಡುವ ಮೊದಲೇ ನಾನು ಅತ್ತೆಗೆ ಹೇಳಿದೆ.